ಲಾಗ್‌ಫೋರ್‌ಜೆ ಹುಡುಕಿದ ವಾರ

2021ರ ಡಿಸೆಂಬರ್. ಜಾವಾ ಪ್ರೋಗ್ರಾಂಗಳು ತಮ್ಮ ಕೆಲಸದ ದಾಖಲೆ, ಅಂದರೆ ಲಾಗ್, ಬರೆಯಲು ಬಳಸುವ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ತೂತು ಇದೆ ಅಂತ ಸುದ್ದಿ ಬಂದು ಜಾವಾ ನಂಬಿಕೊಂಡ ಕಂಪನಿಗಳೆಲ್ಲ ನಿದ್ದೆಗೆಟ್ಟಿದ್ದವು. ಲಾಗ್‌ಗೆ ಒಂದು ಸಾಲು ಬರೆಸಿದರೆ ಸಾಕು, ಹೊರಗಿನವರು ನಮ್ಮ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಿತ್ತು. ಯಾವ ಸರ್ವರ್‌ನಲ್ಲಿ ಯಾವ ವರ್ಷನ್ ಇದೆ ಅಂತ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ನಾವೇ ಬರೆದ ಪ್ರೋಗ್ರಾಂಗಳದ್ದು ತಲೆನೋವಿರಲಿಲ್ಲ. ಕಾಡಿದ್ದು ಹೊರಗಿನಿಂದ ಕೊಂಡಿದ್ದ ಒಂದು ಹಳೆಯ ಸಾಫ್ಟ್‌ವೇರ್. ಅದರ ಲಿಬ್ ಫೋಲ್ಡರ್‌ನಲ್ಲಿದ್ದ ಜಾರ್‌ಗಳಿಗೆ (ಜಾವಾ ಕೋಡ್ ತುಂಬಿಟ್ಟ ಫೈಲ್‌ಗಳಿಗೆ) ಕಾಮನ್.ಜಾರ್, ಯುಟಿಲ್2.ಜಾರ್, ಲಾಗಿಂಗ್.ಜಾರ್ ಅಂತೆಲ್ಲ ಹೆಸರು, ವರ್ಷನ್ ನಂಬರ್ ಒಂದಕ್ಕೂ ಇಲ್ಲ. ಕೊಟ್ಟವರನ್ನು ಕೇಳಿದರೆ "ನಾವು ಲಾಗ್‌ಫೋರ್‌ಜೆ ಬಳಸೋದೇ ಇಲ್ಲ" ಅಂದರು.

ಫೈಲಿನ ಹೆಸರು ಬದಲಾಯಿಸಿದರೆ ಒಳಗಿನ ಬೈಟ್‌ಗಳು ಬದಲಾಗುವುದಿಲ್ಲ ಅಲ್ವಾ? ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್‌ನಲ್ಲಿ ಪ್ರತಿ ಜಾರ್ ಪಕ್ಕದಲ್ಲೇ ಅದರ ಎಸ್‌ಎಚ್‌ಎ-1 ಹ್ಯಾಶ್, ಅಂದರೆ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ಇರುತ್ತದೆ, ಆ 40 ಅಕ್ಷರ ಕೊಟ್ಟು ಹುಡುಕಲೂಬಹುದು. ಇಡೀ ಫೋಲ್ಡರ್‌ನ ಹ್ಯಾಶ್ ತೆಗೆದು ಸ್ಕ್ರಿಪ್ಟ್‌ನಿಂದ ಹುಡುಕಿಸಿದೆ. ಲಾಗಿಂಗ್.ಜಾರ್‌ಗೆ ತಕ್ಷಣ ಉತ್ತರ ಬಂತು: ಲಾಗ್‌ಫೋರ್‌ಜೆ-ಕೋರ್ 2.11.1. ತೂತಿದ್ದದ್ದು 2.0-ಬೀಟಾ9ರಿಂದ 2.14.1ರವರೆಗೆ! ಎಸ್‌ಎಚ್‌ಎ-1 ನಂಬೋ ಹಾಗಿಲ್ಲ, 2017ರಲ್ಲೇ ಒಂದೇ ಹ್ಯಾಶ್‌ನ ಎರಡು ಪಿಡಿಎಫ್ ಮಾಡಿ ತೋರಿಸಿದ್ದಾರೆ ಅಂತ ಸಹೋದ್ಯೋಗಿಯೊಬ್ಬ ರಾಗ ತೆಗೆದ. ನಿಜ, ಆದರೆ ಹಳೇ ಜಾರ್ ಗುರುತು ಹಿಡಿಯಲು ಅದು ಧಾರಾಳ ಸಾಕು.

ಇನ್ನು ಕೆಲವಕ್ಕೆ ಏನೂ ಸಿಗಲಿಲ್ಲ. ಇಂಥ ಕಡೆ ಸುಮ್ನೆ "ಸರಿ ಇದೆ" ಅಂತ ಬರೆದು ಮುಗಿಸಿದವರನ್ನು ಆ ವಾರ ಬೇಕಾದಷ್ಟು ನೋಡಿದೆ. ಜಾರ್ ಅಂದರೆ ಜಿಪ್ ಫೈಲ್. ಅದೇ ಕ್ಲಾಸ್‌ಗಳನ್ನು (ಕಂಪೈಲ್ ಆದ ಜಾವಾ ಕೋಡ್‌ನ ಫೈಲ್‌ಗಳನ್ನು) ಇನ್ನೊಮ್ಮೆ ಜಿಪ್ ಮಾಡಿದರೆ ಒಳಗಿನ ತಾರೀಖು ಬದಲಾಗಿ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ಹತ್ತಾರು ಲೈಬ್ರರಿ ಕಲಸಿ ಫ್ಯಾಟ್ ಜಾರ್ ಮಾಡಿದರೂ ಅಷ್ಟೇ. ಹಾಗಾಗಿ ಅವನ್ನೆಲ್ಲ ಬಿಚ್ಚಿ, ಜಾರ್ ಒಳಗಿನ ಜಾರ್ ಇದ್ದರೆ ಅದನ್ನೂ ಬಿಚ್ಚಿ, ಒಂದೊಂದು ಕ್ಲಾಸ್ ಫೈಲ್‌ನ ಹ್ಯಾಶ್ ತೆಗೆದು, ಲಾಗ್‌ಫೋರ್‌ಜೆಯ ಅಸಲಿ ಬಿಡುಗಡೆಗಳಲ್ಲಿರುವ, ಈ ತೂತಿಗೆ ದಾರಿಯಾದ ಜೆಎನ್‌ಡಿಐಲುಕಪ್ ಕ್ಲಾಸ್‌ನ ಹ್ಯಾಶ್‌ಗಳ ಜೊತೆ ಹೋಲಿಸಿದೆ. ಯುಟಿಲ್2.ಜಾರ್ ಸಿಕ್ಕಿಬಿತ್ತು. ಶೇಡ್ ಮಾಡಿ, ಅಂದರೆ ಲೈಬ್ರರಿಯನ್ನು ತಮ್ಮ ಜಾರ್‌ನೊಳಗೇ ಸೇರಿಸಿಕೊಂಡು, ಪ್ಯಾಕೇಜ್ ಹೆಸರು ಬದಲಿಸಿದ್ದರೆ ಕ್ಲಾಸ್‌ನ ಬೈಟ್‌ಗಳೇ ಬೇರೆಯಾಗಿ ಈ ಉಪಾಯವೂ ಕೈಕೊಡುತ್ತಿತ್ತು. ಆಗ ಕ್ಲಾಸ್‌ನ ಹೆಸರು ನೋಡಿಕೊಂಡೇ ಹುಡುಕಬೇಕು, ಅದು ಇನ್ನೂ ಜಾಸ್ತಿ ಕೆಲಸ.

ಎರಡೂ ಹ್ಯಾಶ್‌ಗಳನ್ನು, ಅವು ಯಾವ ಬಿಡುಗಡೆಯವು ಅನ್ನುವುದನ್ನು ಬರೆದು ಸಾಫ್ಟ್‌ವೇರ್ ಕೊಟ್ಟವರಿಗೆ ಮೇಲ್ ಮಾಡಿದೆ. ಈ ಸಲ ವಾದ ಬರಲಿಲ್ಲ. 2.16.0 ಹಾಕಿದ ಪ್ಯಾಚ್ ಬಂತು. ಅಷ್ಟೊತ್ತಿಗೆ ಅದರಲ್ಲೂ ಒಂದು ತೊಂದರೆ ಸಿಕ್ಕಿ 2.17.0 ಹೊರಬಿದ್ದಿತ್ತು.