ಡೆಬೊರಾ ಮೇಲ್‌ಮನ್ ಊರಿಗೆ ರಾತ್ರಿ ರೈಲು

ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಟೌನ್ಸ್‌ವಿಲ್‌ನಿಂದ ಒಳನಾಡಿನ ಮೌಂಟ್ ಐಸಾಕ್ಕೆ 977 ಕಿಲೋಮೀಟರ್. ಇನ್‌ಲ್ಯಾಂಡರ್ ಎಂಬ ರೈಲು ವಾರಕ್ಕೆ ಎರಡೇ ಬಾರಿ ಆ ದಾರಿ ಹಿಡಿಯುತ್ತದೆ, ಸುಮಾರು 21 ಗಂಟೆ ತೆಗೆದುಕೊಳ್ಳುತ್ತದೆ. ಮಲಗುವ ಬರ್ತ್ ಇಲ್ಲ. ಕೂತೇ ರಾತ್ರಿ ಕಳೆಯಬೇಕು. ವಿಮಾನವಾದರೆ ಎರಡು ಗಂಟೆಯೊಳಗೆ ಇಳಿಸಿಬಿಡುತ್ತದೆ. “ಹಾಗಾದರೆ ರೈಲು ಏಕಮ್ಮಾ?” ಎಂದು ಹನ್ನೊಂದು ವರ್ಷದ ಮಗಳು ಬ್ರಿಸ್ಬೇನ್‌ನಲ್ಲಿ ಬಟ್ಟೆ ಮಡಚುವಾಗಲೇ ಕೇಳಿದ್ದಳು. ಒಂದು ಊರು ಎಷ್ಟು ದೂರವಿದೆ ಎನ್ನುವುದು ಬೆನ್ನು ನೋಯುವವರೆಗೆ ಗೊತ್ತಾಗುವುದಿಲ್ಲ ಎಂದೆ. ಆ ದೂರವನ್ನು ದಾಟಿ ಬಂದ ಮೂಲನಿವಾಸಿ ನಟಿ ಡೆಬೊರಾ ಮೇಲ್‌ಮನ್ ಅವರ ಊರನ್ನು ನಾನು ನೋಡಬೇಕಿತ್ತು.

ನಾನು ಆಸ್ಟ್ರೇಲಿಯಾಕ್ಕೆ ಬಂದ ಮೊದಲ ವರ್ಷ ಸಹೋದ್ಯೋಗಿಯೊಬ್ಬರು ಒಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದರು. ರಂಗದ ಮೇಲೆ ಹಗ್ಗಗಳಲ್ಲಿ ತೂಗುಬಿಟ್ಟ ದೊಡ್ಡದೊಂದು ಮಂಜುಗಡ್ಡೆ. ಅದು ಕರಗಿ ಹನಿಹನಿಯಾಗಿ ಕೆಳಗಿನ ಕೆಂಪು ಮಣ್ಣಿನ ಮೇಲೆ ಬೀಳುತ್ತಿತ್ತು. ಆ ಮಣ್ಣು ಈಗಷ್ಟೇ ಮುಚ್ಚಿದ ಗೋರಿಯದು. ಇಡೀ ನಾಟಕಕ್ಕೆ ಒಬ್ಬಳೇ ಪಾತ್ರಧಾರಿ. ನಡುವೆ ಒಂದು ಕಡೆ ಆಕೆ ನೆಲದಲ್ಲಿ ಕೂತು ಮಣ್ಣನ್ನು ಪುಟ್ಟ ಪುಟ್ಟ ಗುಡ್ಡೆ ಮಾಡುತ್ತಾಳೆ. ಇದು ನೆಲ, ಇದು ನಮ್ಮ ಕಥೆಗಳು, ಇವರು ತಂದೆತಾಯಿ, ಇವರು ಮಕ್ಕಳು, ಯಾರು ಯಾರನ್ನು ಮದುವೆಯಾಗಬಹುದು, ಹುಟ್ಟಿದ ಕೂಸು ಯಾವ ಗುಂಪಿಗೆ ಸೇರುತ್ತದೆ ಎಂದು ಶಾಲೆಯ ಮೇಡಂ ಪಾಠ ಹೇಳುವ ಹಾಗೆ ಸಮಾಧಾನದಿಂದ ವಿವರಿಸುತ್ತಾಳೆ. ಆಮೇಲೆ, ಈ ಮಕ್ಕಳನ್ನು ಇಲ್ಲಿಂದ ಎತ್ತಿಕೊಂಡು ಹೋದರೆ ಏನಾದೀತು ನೋಡಿ ಎನ್ನುತ್ತಾ ಗುಡ್ಡೆಗಳನ್ನೆಲ್ಲ ಚೆದುರಿಬಿಡುತ್ತಾಳೆ. ಸರ್ಕಾರವೇ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತು ಆಶ್ರಮಗಳಿಗೂ ಬಿಳಿಯರ ಮನೆಗಳಿಗೂ ಸೇರಿಸುತ್ತಿದ್ದ ಕಾಲ ಒಂದಿತ್ತು. 1970ರ ಹೊತ್ತಿನವರೆಗೂ ಅದು ನಡೆದಿತ್ತು. ಆ ಬಗ್ಗೆ ಓದಿದ್ದೆ. ಮಣ್ಣು ಚೆದುರಿದ ಮೇಲೆ ಮಾತ್ರ ಅದು ನನ್ನ ಹೊಟ್ಟೆಗೆ ಇಳಿಯಿತು. ಕೊನೆಗೆ ಆಕೆ ಸತ್ತವರ ಫೋಟೊಗಳಿದ್ದ ಸೂಟ್‌ಕೇಸನ್ನು ತಂದು ಪ್ರೇಕ್ಷಕರ ಕಾಲ ಬಳಿ ಇಟ್ಟಳು. ನಾನು ಎರಡನೆಯ ಸಾಲಿನಲ್ಲಿದ್ದೆ. ದೀಪ ಹೊತ್ತಿದ ಮೇಲೂ ಅದನ್ನು ದಾಟಿ ಹೋಗಲು ಯಾರಿಗೂ ಕಾಲು ಬರಲಿಲ್ಲ.

ನಾಟಕದ ಹೆಸರು ‘ದ ಸೆವೆನ್ ಸ್ಟೇಜಸ್ ಆಫ್ ಗ್ರೀವಿಂಗ್’. ನಾನು ನೋಡಿದ್ದು ಮರುಪ್ರಯೋಗ, ನಟಿ ಬೇರೆ. 1995ರಲ್ಲಿ ಬ್ರಿಸ್ಬೇನ್‌ನ ಎಡ್ವರ್ಡ್ ರಸ್ತೆಯ ಮೆಟ್ರೊ ಆರ್ಟ್ಸ್ ರಂಗಮಂದಿರದಲ್ಲಿ ಅದನ್ನು ಮೊದಲ ಬಾರಿಗೆ ಆಡಿದವರು, ರಂಗ ನಿರ್ದೇಶಕ ವೆಸ್ಲಿ ಈನಕ್ ಜೊತೆ ಸೇರಿ ಬರೆದವರೂ, ಡೆಬೊರಾ ಮೇಲ್‌ಮನ್. ಆಗ ಆಕೆಗೆ 23 ವರ್ಷ. ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಟನೆಯ ಪದವಿ ಮುಗಿಸಿ ಮೂರು ವರ್ಷವಾಗಿತ್ತು ಅಷ್ಟೆ. ಆ ವಯಸ್ಸಿಗೆ ಒಂದಿಡೀ ಜನದ ಸೂತಕವನ್ನು ಒಬ್ಬಳೇ ಹೊತ್ತು ರಂಗದ ಮೇಲೆ ನಿಂತು, ನಡುನಡುವೆ ನಗಿಸಿ, ಅದನ್ನು ಲಂಡನ್‌ವರೆಗೂ ಕೊಂಡೊಯ್ದವರು. ನಾಟಕದ ಒಂದು ಭಾಗ, 1993ರಲ್ಲಿ ಬ್ರಿಸ್ಬೇನ್‌ನ ಮಸ್‌ಗ್ರೇವ್ ಪಾರ್ಕ್ ಬಳಿ ಬಂಧನಕ್ಕೊಳಗಾಗಿ ಪೊಲೀಸರ ವಶದಲ್ಲಿ ಸತ್ತ 18 ವರ್ಷದ ನರ್ತಕನೊಬ್ಬನದು. ಕೆಲಸಕ್ಕೆ ಹೋಗುವ ನನ್ನ ಬಸ್ಸು ಆ ಪಾರ್ಕಿನ ಪಕ್ಕದಲ್ಲೇ ಹಾದುಹೋಗುತ್ತದೆ. ನಾಟಕ ನೋಡುವವರೆಗೆ ನನ್ನ ಕಣ್ಣಿಗೆ ಅದು ನೆರಳಿರುವ ಒಂದು ಹುಲ್ಲುಹಾಸು ಮಾತ್ರವಾಗಿತ್ತು.

ಟೌನ್ಸ್‌ವಿಲ್‌ನಲ್ಲಿ ಅರ್ಧ ದಿನ ಕೈಯಲ್ಲಿತ್ತು. ಜೇಮ್ಸ್ ಕುಕ್ ವಿಶ್ವವಿದ್ಯಾಲಯಕ್ಕೆ ಹೋದೆವು. ಅಲ್ಲಿನ ಗ್ರಂಥಾಲಯಕ್ಕೆ ಎಡ್ಡಿ ಕೊಯ್ಕಿ ಮಾಬೊ ಅವರ ಹೆಸರಿದೆ. ಇದೇ ಆವರಣದಲ್ಲಿ ತೋಟಗಾರನಾಗಿ ದುಡಿಯುತ್ತಿದ್ದ ಆ ಮನುಷ್ಯ, ತನ್ನ ದ್ವೀಪದ ನೆಲ ಕಾನೂನಿನ ಪ್ರಕಾರ ತನ್ನದಲ್ಲ ಎಂದು ತಿಳಿದು ದಾವೆ ಹೂಡಿದ. 1992ರ ಜೂನ್ 3ರಂದು ಹೈಕೋರ್ಟ್, ಆ ದೇಶದ ಅತ್ಯುನ್ನತ ನ್ಯಾಯಾಲಯ, ತೀರ್ಪು ಕೊಟ್ಟು, ಬಿಳಿಯರು ಬಂದಾಗ ಈ ಖಂಡ ಯಾರಿಗೂ ಸೇರಿರಲಿಲ್ಲ ಎಂಬ ಹಳೆಯ ಸುಳ್ಳನ್ನು ಅಳಿಸಿತು. ಅದನ್ನು ಕೇಳಲು ಮಾಬೊ ಉಳಿದಿರಲಿಲ್ಲ. ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು. ರೇಚಲ್ ಪರ್ಕಿನ್ಸ್ 2012ರಲ್ಲಿ ತೆಗೆದ ‘ಮಾಬೊ’ ಚಿತ್ರದಲ್ಲಿ ಅವರ ಹೆಂಡತಿ ಬೊನಿಟಾ ಆಗಿ ನಟಿಸಿದವರು ಮೇಲ್‌ಮನ್. ಆ ಚಿತ್ರದಲ್ಲಿ ನನಗೆ ನೆನಪುಳಿದಿರುವುದು ನ್ಯಾಯಾಲಯವಲ್ಲ, ಅಡುಗೆಮನೆ. ಗಂಡ ದೊಡ್ಡ ಮಾತಿನಲ್ಲಿ ಮುಳುಗಿರುವಾಗ ಮಕ್ಕಳ ಹೊಟ್ಟೆಯ ಲೆಕ್ಕ ಹಾಕುತ್ತಾ ಕೇಳಿಸಿಕೊಳ್ಳುವ ಹೆಂಗಸಿನ ಮುಖ. ಮಾತಾಡುವಾಗ ಚೆನ್ನಾಗಿ ನಟಿಸುವವರು ಬಹಳ ಜನ ಸಿಗುತ್ತಾರೆ. ಬೇರೆಯವರು ಮಾತಾಡುವಾಗ ಹೀಗೆ ನಟಿಸುವವರನ್ನು ನಾನು ಹೆಚ್ಚು ಕಂಡಿಲ್ಲ.

ಮಧ್ಯಾಹ್ನ ರೈಲು ಹೊರಟಿತು. ಚಾರ್ಟರ್ಸ್ ಟವರ್ಸ್ ದಾಟುವವರೆಗೆ ನೀಲಗಿರಿ ಮರಗಳು. ಕತ್ತಲಾಗುವ ಹೊತ್ತಿಗೆ ಕಿಟಕಿಯಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ಹ್ಯೂಎಂಡನ್‌ನಲ್ಲಿ ಹಿರಿಯ ಮೂಲನಿವಾಸಿ ಹೆಂಗಸೊಬ್ಬರು ಹತ್ತಿ ನಮ್ಮ ಎದುರು ಸಾಲಿನಲ್ಲಿ ಕೂತರು. ಮಡಿಲಲ್ಲಿ ಒಂದು ಟೋಪಿ ಪೆಟ್ಟಿಗೆ. ಅವರ ಜನರಲ್ಲಿ ಹಿರಿಯ ಹೆಂಗಸರನ್ನು ‘ಆಂಟಿ’ ಎಂದು ಕರೆಯುವುದು ದೊಡ್ಡ ಮರ್ಯಾದೆ. ನಾವು ನೆರೆಮನೆಯವರನ್ನು ಕರೆಯುವಷ್ಟು ಹಗುರವಲ್ಲ, ನಮ್ಮ ದೊಡ್ಡಮ್ಮ ಎಂಬ ಮಾತಿಗೆ ಹತ್ತಿರ. ಆಂಟಿ ಮಗಳನ್ನು ಕೇಳಿದ ಮೊದಲ ಪ್ರಶ್ನೆ, ನೀನು ಎಲ್ಲಿಯವಳು, ನಿಮ್ಮ ಜನ ಯಾರು ಎಂದು. “ಬ್ರಿಸ್ಬೇನ್” ಎಂದಳು ಮಗಳು. ಅವರು ತಲೆ ಅಲ್ಲಾಡಿಸಿ ನನ್ನ ಕಡೆ ತಿರುಗಿದರು. ಬ್ರಿಸ್ಬೇನ್ ಎಂಬುದು ಉತ್ತರವೇ ಅಲ್ಲ. ನಮ್ಮ ಊರಿನ ಅಜ್ಜಿಯರು ‘ಯಾರ ಪೈಕಿ?’ ಎಂದು ಕೇಳುತ್ತಿದ್ದರಲ್ಲ, ಅದೇ ಪ್ರಶ್ನೆ, ಅದೇ ದನಿ. ರಾಯಚೂರು ಸೀಮೆಯ ಹಟ್ಟಿ, ಚಿನ್ನದ ಗಣಿಯ ಊರು, ಅಪ್ಪ ಗಣಿಯೊಳಗೆ ಇಳಿಯುತ್ತಿದ್ದರು ಎಂದು ಹೇಳಿದೆ. ಹಾಗಾದರೆ ಐಸಾ ನಿನಗೆ ಹೊಸದೆನಿಸುವುದಿಲ್ಲ ಎಂದರು.

ಅವರು ಹೋಗುತ್ತಿದ್ದುದು ಮೊಮ್ಮಗನ ಸವಾರಿ ನೋಡಲು. ಮೌಂಟ್ ಐಸಾದಲ್ಲಿ 1959ರಿಂದ ಆಗಸ್ಟ್ ತಿಂಗಳಲ್ಲಿ ರೋಡಿಯೊ ನಡೆಯುತ್ತದೆ. ಕುದುರೆ, ಗೂಳಿಗಳ ಮೇಲಿನ ಸವಾರಿಯ ಪಂದ್ಯ. ನಾನು ಬಂದ ಕಾರಣ ಹೇಳಿ ಮೇಲ್‌ಮನ್ ಹೆಸರು ಎತ್ತಿದೆ. ಆಂಟಿಯ ಮುಖ ಅರಳಿತು. “ವಾಲಿಯ ಮಗಳು” ಎಂದರು.

ನಮಗೆ ತೆರೆಯ ಮೇಲೆ ಕಂಡವರು ಅವರಿಗೆ ಮೊದಲು ವಾಲಿ ಮೇಲ್‌ಮನ್ ಅವರ ಮಗಳು. ವಾಲಿ ಬಿಡ್ಜಾರ ಎಂಬ ಮೂಲನಿವಾಸಿ ಜನದವರು, ಹೆಸರಾಂತ ರೋಡಿಯೊ ಸವಾರ. ಪಂದ್ಯಗಳಿಗೆಂದು ನ್ಯೂಜಿಲೆಂಡಿಗೆ ಹೋದಾಗ ಅಲ್ಲಿನ ಮೂಲನಿವಾಸಿ ಮಾವೊರಿ ಜನದ ಹೆಣ್ಣುಮಗಳು ಜೇನ್ ಅವರನ್ನು ಕಂಡು ಮದುವೆಯಾದರು. ಐವರು ಮಕ್ಕಳಲ್ಲಿ ಒಬ್ಬರು 1972ರಲ್ಲಿ ಹುಟ್ಟಿದ ಡೆಬೊರಾ. ರೋಡಿಯೊ ಮೈದಾನದ ಆವರಣದಲ್ಲಿಯೇ ಆಕೆ ಬೆಳೆದದ್ದು. ಈ ಸಂಗತಿಯನ್ನು ನಾನು ಎಷ್ಟೋ ಸಲ ಓದಿ ಮುಂದೆ ಹೋಗಿದ್ದೆ, ಬಡ ಬಾಲ್ಯದ ಒಂದು ಬಣ್ಣದ ವಿವರವೆಂಬಂತೆ. ಅದು ಹಾಗಲ್ಲ ಎಂದು ಮರುದಿನ ಸಂಜೆ ಗೊತ್ತಾಯಿತು.

ರಾತ್ರಿ ರಿಚ್ಮಂಡ್, ಜೂಲಿಯಾ ಕ್ರೀಕ್ ಯಾವಾಗ ಬಂದವೋ ತಿಳಿಯಲಿಲ್ಲ. ಮಗಳು ನನ್ನ ತೊಡೆಯ ಮೇಲೆ, ನನ್ನ ತಲೆ ಗಾಜಿನ ಮೇಲೆ. ಬೆಳಕು ಹರಿದಾಗ ಕ್ಲಾನ್‌ಕರಿ ಹಿಂದೆ ಬಿದ್ದಿತ್ತು, ಬಯಲು ಮುಗಿದು ಕೆಂಪು ಬೆಟ್ಟಗಳು ಶುರುವಾಗಿದ್ದವು. ಕಲ್ಲು ಕೆಂಪು, ನಡುವೆ ಮುಳ್ಳಿನಂತೆ ಚುಚ್ಚುವ ಸ್ಪಿನಿಫೆಕ್ಸ್ ಹುಲ್ಲಿನ ತೆಳು ಹಳದಿ ಗುಪ್ಪೆಗಳು, ಎಲೆ ಕಡಿಮೆ ಕೊಂಬೆ ಹೆಚ್ಚಿನ ಮರಗಳು. ಇದು ಕಾಲ್ಕಡೂನ್ ಜನರ ನೆಲ. ದನ ಮೇಯಿಸಲು ಬಂದ ಬಿಳಿಯರನ್ನು ವರ್ಷಗಟ್ಟಲೆ ತಡೆದು ನಿಂತವರು ಅವರು. 1884ರಲ್ಲಿ ಬ್ಯಾಟಲ್ ಮೌಂಟನ್ ಎಂದು ಈಗ ಕರೆಯುವ ಗುಡ್ಡದಲ್ಲಿ ಪೊಲೀಸರ ಬಂದೂಕುಗಳ ಎದುರು ಬಹಳ ಜನ ಸತ್ತರು. ಆಂಟಿ ಕಿಟಕಿಯಾಚೆ ಉತ್ತರದ ಕಡೆಗೆ ಗಲ್ಲ ಚಾಚಿ ತೋರಿಸಿದರು, ಬೆರಳು ಎತ್ತಲಿಲ್ಲ.

ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಹೊಗೆ ಕೊಳವೆ. ಸೀಸ ಕರಗಿಸುವ ಕುಲುಮೆಯದು, 270 ಮೀಟರ್ ಎತ್ತರ. 1923ರಲ್ಲಿ ಜಾನ್ ಕ್ಯಾಂಪ್‌ಬೆಲ್ ಮೈಲ್ಸ್ ಇಲ್ಲಿ ಅದಿರು ಗುರುತಿಸಿದ ಮೇಲೆ ಹುಟ್ಟಿದ ಊರು ಇದು; ಗಣಿ ಒಂದು ಪಕ್ಕ, ಮನೆಗಳು ಇನ್ನೊಂದು ಪಕ್ಕ, ನಡುವೆ ಹೆಚ್ಚು ಕಾಲ ಒಣಗಿಯೇ ಇರುವ ಲೈಕಾರ್ಟ್ ಹೊಳೆ. ನಾವು ಹೋದದ್ದು 2025ರ ಆಗಸ್ಟ್‌ನಲ್ಲಿ. ಜುಲೈ ಕೊನೆಗೆ ನೆಲದಡಿಯ ತಾಮ್ರದ ಗಣಿ ಮುಚ್ಚಿತ್ತು. ಚಹಾ ಕುಡಿಯಲು ಹೋದ ಕಡೆಯೆಲ್ಲ ಅದೇ ಮಾತು: ಯಾರು ಮನೆ ಮಾರುತ್ತಿದ್ದಾರೆ, ಯಾರಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಹಟ್ಟಿಯಲ್ಲಿ ಬೆಳೆದವಳಿಗೆ ಆ ಮಾತಿನ ಭಾರ ಹೇಳಿಕೊಡಬೇಕಿಲ್ಲ.

ಇಂಥ ಊರಿನಿಂದ ಹೊರಟ ಮೇಲ್‌ಮನ್ ಅವರ ಮುಂದಿನ ಹಾದಿಯನ್ನು ನೆನೆಯುತ್ತಾ ವ್ಯೂ ಪಾಯಿಂಟ್ ಗುಡ್ಡದ ಮೇಲೆ ಕೂತಿದ್ದೆ. 1998ರಲ್ಲಿ ‘ರೇಡಿಯನ್ಸ್’ ಚಿತ್ರದಲ್ಲಿ ಮೂವರು ಅಕ್ಕತಂಗಿಯರಲ್ಲಿ ಕಿರಿಯವಳಾದ ನೋನಾ ಪಾತ್ರ. ಅದಕ್ಕೆ ಆಸ್ಟ್ರೇಲಿಯಾದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಮೂಲನಿವಾಸಿ ಹೆಣ್ಣೊಬ್ಬಳಿಗೆ ಅದು ದಕ್ಕಿದ್ದು ಅದೇ ಮೊದಲು. ಅದೇ ವರ್ಷ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಕಾರ್ಡೀಲಿಯಾ. 2001ರಲ್ಲಿ ‘ದ ಸೀಕ್ರೆಟ್ ಲೈಫ್ ಆಫ್ ಅಸ್’ ಧಾರಾವಾಹಿಯಲ್ಲಿ ಕೆಲ್ಲಿ. ನನ್ನ ದೃಷ್ಟಿಯಲ್ಲಿ ಆಕೆಯ ಪಾತ್ರಗಳಲ್ಲಿ ಇದರ ಬೆಲೆ ಬೇರೆಯೇ. ಕೆಲ್ಲಿ ಪ್ರೀತಿಸುತ್ತಾಳೆ, ಬಾಡಿಗೆ ಕಟ್ಟುತ್ತಾಳೆ, ಗೆಳೆಯರೊಡನೆ ಜಗಳವಾಡುತ್ತಾಳೆ. ಆಕೆಯ ಮೈಬಣ್ಣವೇ ಕಥೆಯಾಗಬೇಕು ಎಂದು ಯಾರೂ ಹಟ ಹಿಡಿಯಲಿಲ್ಲ. ವಾರ ವಾರ ಆ ಮುಖ ಬಿಳಿಯರ ಪಡಸಾಲೆಗಳಿಗೆ ಬಂದು ಕೂತದ್ದು, ಎಷ್ಟೋ ಭಾಷಣಗಳು ಮಾಡಲಾಗದ ಕೆಲಸ ಮಾಡಿತು. ಮುಂದೆ 2019ರ ‘ಟೋಟಲ್ ಕಂಟ್ರೋಲ್’ ಧಾರಾವಾಹಿ ಬಂದಾಗ ಆಕೆ ಅದೇ ಜನರ ಎದುರು ಸೆನೆಟರ್ ಅಲೆಕ್ಸ್ ಅರ್ವಿಂಗ್ ಆಗಿ ನಿಂತರು. ಐಸಾದಿಂದ ಆಗ್ನೇಯಕ್ಕಿರುವ ವಿಂಟನ್ ಊರಿನವಳು, ತನ್ನನ್ನು ಆರಿಸಿದ ಪ್ರಧಾನಿಯ ಕೈಗೊಂಬೆಯಾಗಲು ಒಪ್ಪದವಳು.

ಮಗಳಿಗೆ ಇದಾವುದೂ ಬೇಡ. ಅವಳಿಗೆ ಗೊತ್ತಿರುವ ಮೇಲ್‌ಮನ್ ‘ದ ಸಫೈರ್ಸ್’ ಚಿತ್ರದ ಗೇಲ್: 1968ರಲ್ಲಿ ವಿಯೆಟ್ನಾಂ ಯುದ್ಧಭೂಮಿಗೆ ಹಾಡಲು ಹೋಗುವ ನಾಲ್ವರು ಹುಡುಗಿಯರ ಹಿರಿಯಕ್ಕ, ಸಿಡುಕಿ, ಎಲ್ಲರ ಅನ್ನದ ಚಿಂತೆ ಹೊತ್ತವಳು. ಆ ಕಥೆ 2004ರಲ್ಲಿ ಮೆಲ್ಬರ್ನ್ ರಂಗಭೂಮಿಯಲ್ಲಿ ನಾಟಕವಾಗಿದ್ದಾಗಲೂ ಮೇಲ್‌ಮನ್ ಅದರಲ್ಲಿದ್ದರು. 2012ರಲ್ಲಿ ಚಿತ್ರವಾಗಿ ಕಾನ್ ಉತ್ಸವದವರೆಗೆ ಹೋಯಿತು. “ಗೇಲ್ ಥೇಟ್ ನಿನ್ನ ಹಾಗೆ” ಎಂದು ಮಗಳು ಅಂದಾಗ ನನಗೆ ಸಂತೋಷವೇ ಆಯಿತು.

ಸಂಜೆ ಬುಕಾನನ್ ಪಾರ್ಕಿಗೆ ಹೋದೆವು. ಸುತ್ತ ಕಬ್ಬಿಣದ ಬೇಲಿ, ನಡುವೆ ಹದಮಾಡಿದ ಕೆಂಪು ಮಣ್ಣಿನ ಅಂಕಣ, ಮೇಲೆ ಬೆಳಗುವ ದೀಪಗಳು. ಮೈಕಿನಲ್ಲಿ ನಿರೂಪಕನ ದನಿ ಸವಾರನ ಹೆಸರು, ಊರು, ಗೂಳಿಯ ಗುಣ ಎಲ್ಲವನ್ನೂ ಏರಿಸಿ ಇಳಿಸಿ ಹೇಳುತ್ತಿತ್ತು. ಗೇಟು ತೆರೆದರೆ ಎಂಟು ಸೆಕೆಂಡು. ಹಗ್ಗ ಹಿಡಿದ ಕೈ ಒಂದೇ. ಇನ್ನೊಂದು ಗಾಳಿಯಲ್ಲಿರಬೇಕು, ಗೂಳಿಗಾಗಲಿ ತನ್ನ ಮೈಗಾಗಲಿ ತಾಗಿದರೆ ಸವಾರಿ ಲೆಕ್ಕಕ್ಕಿಲ್ಲ. ಬಿದ್ದವನು ಮಣ್ಣಿನಿಂದ ಎದ್ದು ನಾಲ್ಕು ಸಾವಿರ ಕಣ್ಣುಗಳ ಎದುರು ಬೇಲಿಯವರೆಗೆ ನಡೆಯಬೇಕು. ಆ ನಡಿಗೆಯಲ್ಲಿ ಸೋಲು ಕಾಣಿಸಬಾರದು.

ಇದನ್ನು ನೋಡುತ್ತಿದ್ದಂತೆ ನನಗೆ ಆ ನಾಟಕದ ಕೆಂಪು ಮಣ್ಣು ನೆನಪಾಯಿತು. ದೂರದ ಗಣಿ ಊರಿನಿಂದ ರಂಗಭೂಮಿಗೆ ಬಂದ ಹುಡುಗಿ ಎಂದು ಆಕೆಯ ಬಗ್ಗೆ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ತಪ್ಪು. ಆಕೆ ಹುಟ್ಟಿದ್ದೇ ರಂಗದ ಪಕ್ಕದಲ್ಲಿ. ದೀಪ, ದನಿ, ಜನ, ನಡುವೆ ಒಂಟಿಯಾಗಿ ನಿಂತ ಒಂದು ಮೈ, ಸಮಯ ತಪ್ಪಿದರೆ ನೆಲ. ಮೇಲ್‌ಮನ್ ಯಾವ ಪಾತ್ರದಲ್ಲೂ ಎರಡೂ ಪಾದಗಳನ್ನು ಅಗಲವಾಗಿ ಊರಿ, ಮಂಡಿಯನ್ನು ತುಸು ಸಡಿಲ ಬಿಟ್ಟು, ಮುಂದಿನದಕ್ಕೆ ಅಣಿಯಾದಂತೆ ನಿಲ್ಲುತ್ತಾರೆ. ಆ ನಿಲುವು ಯಾವ ನಟನಾ ಶಾಲೆಯದು ಎಂದು ನಾನು ಹುಡುಕುತ್ತಿದ್ದೆ. ಬೇಲಿಯ ಬಳಿ ಸರದಿಗೆ ಕಾಯುತ್ತಿದ್ದ ಹುಡುಗರೆಲ್ಲ ಹಾಗೆಯೇ ನಿಂತಿದ್ದರು.

ಮೂರು ಸಾಲು ಕೆಳಗೆ ನಮ್ಮ ರೈಲಿನ ಆಂಟಿ. ಟೋಪಿ ಪೆಟ್ಟಿಗೆ ಖಾಲಿಯಾಗಿ ಕಾಲ ಬಳಿ ಇತ್ತು. ನಿರೂಪಕ ಅವರ ಮೊಮ್ಮಗನ ಹೆಸರು ಹೇಳಿದಾಗ ಅವರು ಎದ್ದು ನಿಂತರು. ಗೇಟು ತೆರೆಯಿತು. ಮಗಳು ನನ್ನ ಕೈ ಬಿಗಿಹಿಡಿದು ಕನ್ನಡದಲ್ಲಿ ಎಣಿಸತೊಡಗಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಗೂಳಿ ಎಡಕ್ಕೆ ತಿರುಚಿತು, ಹುಡುಗನ ಟೋಪಿ ಹಾರಿತು. ಐದು, ಆರು. ಏಳು ಎನ್ನುವಷ್ಟರಲ್ಲಿ ಆತ ಮಣ್ಣಿನಲ್ಲಿದ್ದ.

ಎದ್ದ. ಟೋಪಿ ಎತ್ತಿಕೊಂಡು ತೊಡೆಗೆ ಬಡಿದು ಧೂಳು ಕೊಡವಿದ. ಆಮೇಲೆ, ಯಾವ ಅವಸರವೂ ಇಲ್ಲದೆ, ದೀಪದ ಕೆಳಗೆ ಬೇಲಿಯ ಕಡೆಗೆ ನಡೆದು ಬಂದ. ಆಂಟಿ ಎರಡೂ ಕೈ ಎತ್ತಿ ಅವನ ಹೆಸರು ಹಿಡಿದು ಕೂಗಿದರು. ಮಗಳೂ ಕೂಗಿದಳು.