ಗೌಡ್ರ ಬೋರ್ಡ್ ಹೋಯ್ತು, ನಂಬರ್ ಉಳೀತು

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಕಡೆ ಓಡಾಡುವವರಿಗೆ ನಮ್ಮಂಥ ರೇಡಿಯಂ ಅಂಗಡಿಗಳ ಪರಿಚಯ ಇದ್ದೇ ಇರುತ್ತದೆ. ಆಟೋ ಹಿಂದೆ ‘ತಾಯಿಯ ಆಶೀರ್ವಾದ’, ಲಾರಿ ಹಣೆಗೆ ಊರದೇವರ ಹೆಸರು, ಹುಡುಗರ ಬೈಕ್ ಟ್ಯಾಂಕಿಗೆ ಹುಲಿ. ಇದೆಲ್ಲ ಚಿಲ್ಲರೆ ಕೆಲಸ. ನನ್ನ ಮನೆ ನಡೆಸಿದ್ದು ನಂಬರ್ ಪ್ಲೇಟ್. ನಮ್ಮ ಬಾಯಲ್ಲಿ ಬೋರ್ಡ್.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಬಂತು, ಅಂದರೆ ನಮ್ಮಂಥ ಅಂಗಡಿಯವರು ಮಾಡುವ ಹಾಗಿಲ್ಲದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್. 2023ರಲ್ಲಿ ನಮ್ಮ ರಾಜ್ಯದಲ್ಲಿ ಹಳೆ ಗಾಡಿಗಳಿಗೂ ಹಾಕಿಸಿ ಅಂದರು, ಗಡುವು ಮುಂದೆ ಮುಂದೆ ಹೋಯಿತು, ನನ್ನ ಬೋರ್ಡ್ ಕೆಲಸ ಮಾತ್ರ ನಿಂತೇ ಹೋಯಿತು. ಹೋಗಲಿ ಬಿಡಿ. ಗೊಣಗುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬೋರ್ಡ್ ಬರೆಯುವುದು ನಿಂತರೂ ಜನ ಬೋರ್ಡ್ ವಿಷಯಕ್ಕೆ ನನ್ನ ಹತ್ತಿರವೇ ಬರುತ್ತಾರೆ. ಅದರಲ್ಲೂ ಫ್ಯಾನ್ಸಿ ನಂಬರಿನವರು.

ನಮ್ಮ ಕಡೆ ಈ ಹುಚ್ಚು ಸ್ವಲ್ಪ ಜಾಸ್ತಿಯೇ. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಹೊಸ ಕಾರು. ಹೊಸ ಕಾರಿಗೆ ಕೂಡಿಸಿದರೆ ಒಂಬತ್ತು ಬರುವ ನಂಬರು. ಅಪ್ಪನ ಜೀಪಿಗೆ ಇದ್ದ ನಂಬರೇ ಬೇಕು ಅನ್ನುವವರು ಕೆಲವರು. ಹುಡುಗರಿಗೆ 8055 ಬೇಕು, ಬಾಗಿಸಿ ಬರೆದರೆ ಇಂಗ್ಲಿಷಿನಲ್ಲಿ ‘ಬಾಸ್’ ಅಂತ ಓದಿಸುತ್ತದೆ. ಹಾಗೆ ಬಾಗಿಸಿ ಬರೆದುಕೊಡು ಎಂದು ಎಷ್ಟು ಜನ ಗಂಟುಬಿದ್ದಿದ್ದಾರೋ! ಕಾರಿನ ಬೋರ್ಡಿನಲ್ಲಿ ಅಕ್ಷರದ ಎತ್ತರ 65 ಮಿ.ಮೀ., ದಪ್ಪ 10 ಮಿ.ಮೀ., ನಡುವಿನ ಜಾಗ 10 ಮಿ.ಮೀ. ಎಂದು ಕಾನೂನೇ ಇದೆ. ನಾನು ಅಳತೆಪಟ್ಟಿ ತೋರಿಸಿ ಕಳಿಸುತ್ತಿದ್ದೆ. ಆರ್‌ಸಿ ನೋಡದೆ ಬೋರ್ಡ್ ಬರೆದುಕೊಟ್ಟವನೂ ಅಲ್ಲ ನಾನು. ಅದಕ್ಕೇ ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು.

ನನ್ನ ಭಾಮೈದ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಹೆಸರಿನ ಹಾಗೆ ಓದಿಸುವ ನಂಬರುಗಳನ್ನು ಸರ್ಕಾರವೇ ಮಾರುತ್ತದೆ. ಕಾರು ಮಾರಿದರೂ ನಂಬರನ್ನು ಕಾಗದದ ಮೇಲೆ ಇಟ್ಟುಕೊಂಡು ಮುಂದಿನ ಕಾರಿಗೆ ಹಾಕಿಕೊಳ್ಳಬಹುದು. ನನಗೆ ಇಷ್ಟವಾದ ವಿಷಯ ಬೇರೆ. 2003ರಿಂದ ಅಲ್ಲಿ ಬೋರ್ಡ್ ಮಾಡುವ ಅಂಗಡಿಯವರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಗಿರಾಕಿ ತನ್ನ ಗುರುತಿನ ಚೀಟಿಯನ್ನೂ ಆ ನಂಬರ್ ತನ್ನದೇ ಅನ್ನುವ ದಾಖಲೆಯನ್ನೂ ತೋರಿಸಬೇಕು. ಇದನ್ನು ಕೇಳಿದ ದಿನ ಪಕ್ಕದ ಅಂಗಡಿಯವನಿಗೆ ಹೋಗಿ ಹೇಳಿ ಬಂದೆ. ನಮ್ಮಲ್ಲಿ ಹೆಸರು ಓದಿಸುವ ಭಾಗ್ಯ ಇಲ್ಲ. ಕೆಎ-14 ಶಿವಮೊಗ್ಗ, ಕೆಎ-15 ಸಾಗರ, ಅದರ ಮುಂದಿನ ಅಕ್ಷರ ಸರ್ಕಾರದ್ದು. ದುಡ್ಡು ಕಟ್ಟಿಯೋ ಹರಾಜಿನಲ್ಲಿ ಕೂಗಿಯೋ ನಾವು ಆರಿಸಿಕೊಳ್ಳುವುದು ಕೊನೆಯ ಅಂಕಿಗಳನ್ನು.

ಕಳೆದ ಮದುವೆ ಸೀಸನ್ನಿನಲ್ಲಿ ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಅಂಗಡಿ ಮುಂದೆ ನಿಂತಿದ್ದರು. ಹಳೆ ಗಿರಾಕಿ. ಅಪ್ಪನ ಜೀಪಿನ ನಂಬರನ್ನೇ ಕಾರಿಗೂ ಹಾಕಿಸಿಕೊಂಡವರು. ಹಿಂದಿನ ರಾತ್ರಿ ಕಲ್ಯಾಣ ಮಂಟಪದ ಹೊರಗೆ ಕಾರು ನಿಲ್ಲಿಸಿ ಊಟಕ್ಕೆ ಹೋಗಿದ್ದಾರೆ. ಬಂದು ನೋಡಿದರೆ ಮುಂದಿನ ಬೋರ್ಡ್ ಇಲ್ಲ.

“ಇನ್ನೊಂದು ಬರೆದುಕೊಡು ಮಾರಾಯ. ಅಪ್ಪನ ನಂಬರ್ ಕದ್ದುಬಿಟ್ಟರಲ್ಲ.”

“ನಂಬರ್ ಎಲ್ಲಿ ಕದಿಯುತ್ತಾರೆ ಗೌಡ್ರೇ, ಅದು ಆರ್‌ಟಿಒ ಪುಸ್ತಕದಲ್ಲಿದೆ. ಹೋಗಿದ್ದು ತಗಡು. ಮೊದಲು ಠಾಣೆಗೆ ಹೋಗಿ ಬನ್ನಿ.”

“ತಗಡಿಗೆ ಎಂತ ಠಾಣೆ?”

ಎಲ್ಲರೂ ಹೀಗೇ ಕೇಳುತ್ತಾರೆ. ಸಾವಿರ ರೂಪಾಯಿಯೂ ಬಾಳದ ತಗಡಿಗೆ ಯಾರು ಠಾಣೆ ಮೆಟ್ಟಿಲು ಹತ್ತುತ್ತಾರೆ, ಅಲ್ವಾ? ಆದರೆ ಕದ್ದವನು ಆ ತಗಡನ್ನು ಗುಜರಿಗೆ ಹಾಕುತ್ತಾನೆ ಅಂತ ಯಾರು ಹೇಳಿದರು? ನಿಮ್ಮದೇ ಬಣ್ಣದ, ನಿಮ್ಮದೇ ಮಾಡೆಲ್ಲಿನ ಇನ್ನೊಂದು ಕಾರಿಗೆ ಅದನ್ನು ಕಟ್ಟಿಕೊಂಡು ಹೊರಟರೆ ಕ್ಯಾಮೆರಾಗೆ ಕಾಣುವುದು ನಿಮ್ಮ ನಂಬರು. ಸಿಗ್ನಲ್ ಹಾರಿದ್ದಕ್ಕೆ ಚಲನ್ ಬರುವುದು ನಿಮ್ಮ ಮೊಬೈಲಿಗೆ. ಸಿಗ್ನಲ್ ಹಾರಿದರೆ ದಂಡ ಕಟ್ಟಿ ಮುಗಿಸಬಹುದು. ಯಾರಿಗಾದರೂ ಗುದ್ದಿ ನಿಲ್ಲಿಸದೆ ಹೋದರೆ? ಪೆಟ್ರೋಲ್ ಹಾಕಿಸಿಕೊಂಡು ದುಡ್ಡು ಕೊಡದೆ ಓಡಿದರೆ? ನಾಕಾದಲ್ಲಿ ಗಾಂಜಾ ಸಿಕ್ಕರೆ? ಆಗ ಪೊಲೀಸರು ಬರುವುದು ತೀರ್ಥಹಳ್ಳಿಯ ಗೌಡರ ಅಂಗಳಕ್ಕೆ. ಆ ದಿನ ಆ ಬೋರ್ಡ್ ನನ್ನ ಕೈಯಲ್ಲಿರಲಿಲ್ಲ ಎಂದು ತೋರಿಸಲು ಅವರ ಹತ್ತಿರ ಇರುವುದು ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ ಒಂದೇ.

ಈ ದೂರಿನ ವಿಷಯದಲ್ಲಿ ಒಂದು ಸಿಕ್ಕು ಇದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು ಎಂದರೆ 303ನೇ ಕಲಂ. ಹೋದ ಮಾಲಿನ ಬೆಲೆ 5000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಪೊಲೀಸರು ತಾವಾಗಿ ತನಿಖೆ ಶುರು ಮಾಡುವ ಸಾಲಿಗೆ ಬರುವುದಿಲ್ಲ. ಹಾಗಾಗಿ ಠಾಣೆಯಲ್ಲಿ ಎಫ್‌ಐಆರ್ ಬದಲು ಎನ್‌ಸಿಆರ್, ಅಂದರೆ ಇಂಥ ಸಣ್ಣ ಪ್ರಕರಣದ ದೂರಿನ ದಾಖಲೆ, ಬರೆದುಕೊಟ್ಟರೆ ಗಾಬರಿ ಬೇಡ. ಆದರೆ ‘ಎಲ್ಲೋ ಬಿದ್ದುಹೋಗಿರಬೇಕು, ಆನ್‌ಲೈನಿನಲ್ಲಿ ಕಳೆದುಹೋಯಿತು ಅಂತ ಹಾಕಿ’ ಎಂದರೆ ಸುಮ್ನೆ ಒಪ್ಪಿಕೊಂಡು ಬರಬೇಡಿ. ಸ್ಕ್ರೂ ಬಿಚ್ಚಿ ಒಯ್ದಿದ್ದರೆ ಅದು ಕಳವೇ. ಆ ಮಾತು ಕಾಗದದಲ್ಲಿ ಇರಬೇಕು. ಜೊತೆಗೆ ದಿನ, ಹೊತ್ತು, ಜಾಗ, ಮುಂದಿನದೋ ಹಿಂದಿನದೋ, ಬೋರ್ಡಿನ ಲೇಸರ್ ನಂಬರು.

ಆ ಲೇಸರ್ ನಂಬರ್ ಎಷ್ಟು ಜನ ನೋಡಿದ್ದೀರಿ? ಎಚ್‌ಎಸ್‌ಆರ್‌ಪಿ ಬೋರ್ಡಿನ ಎಡಗಡೆ ಮೇಲೆ ಅಶೋಕ ಚಕ್ರದ ಹೊಳೆಯುವ ಹೋಲೋಗ್ರಾಂ ಇರುತ್ತದೆ, 20 ಮಿ.ಮೀ. ಚೌಕ. ಅದೇ ಬದಿಯಲ್ಲಿ ಕೆಳಗೆ ಕೊರೆದ ಸಣ್ಣ ಅಕ್ಷರ, ಅಂಕಿ. ಮುಂದಿನ ಬೋರ್ಡಿಗೆ ಒಂದು, ಹಿಂದಿನದಕ್ಕೆ ಇನ್ನೊಂದು. ಎರಡೂ ನಿಮ್ಮ ಗಾಡಿಯ ದಾಖಲೆಗೆ ಜೋಡಿಸಿರುತ್ತವೆ. ಮುಂದಿನ ಗಾಜಿನ ಒಳಗೆ ಅಂಟಿಸಿರುವ ಸ್ಟಿಕ್ಕರಿನಲ್ಲೂ ಇವು ಇರುತ್ತವೆ. ಡೀಸೆಲ್ ಗಾಡಿಗೆ ಕಿತ್ತಳೆ, ಪೆಟ್ರೋಲಿಗೆ ತಿಳಿನೀಲಿ ಬಣ್ಣದ ಸ್ಟಿಕ್ಕರ್. ಕೀಳಲು ಹೋದರೆ ಹರಿದುಹೋಗುವ ಹಾಗೆ ಮಾಡಿರುತ್ತಾರೆ. ಎಷ್ಟೋ ಜನ ಇದು ಚೆನ್ನಾಗಿ ಕಾಣುವುದಿಲ್ಲ ಎಂದು ಅಂಟಿಸಿಯೇ ಇಲ್ಲ, ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಹಾಕಿಟ್ಟಿದ್ದಾರೆ. ನಿಮ್ಮ ಬೋರ್ಡನ್ನು ಬೇರೆ ಕಾರಿಗೆ ಕಟ್ಟಿಕೊಂಡವನ ಹತ್ತಿರ ಇಲ್ಲದಿರುವುದು ಇದೊಂದೇ. ಅದನ್ನು ಅಂಟಿಸಿ. ಎರಡು ಬೋರ್ಡು, ಸ್ಟಿಕ್ಕರು, ಮೂರರದ್ದೂ ಒಂದೊಂದು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗೌಡರ ಹತ್ತಿರ ಫೋಟೋ ಇರಲಿಲ್ಲ. ಗಾಜಿನ ಮೇಲಿನ ಸ್ಟಿಕ್ಕರ್ ಇತ್ತು, ಅದನ್ನು ನೋಡಿ ದೂರಿನಲ್ಲಿ ಬರೆಸಿದರು.

ಇನ್ನು ಬೋರ್ಡ್ ಅಷ್ಟು ಸಲೀಸಾಗಿ ಹೇಗೆ ಹೋಯಿತು ಅಂತ. ಎಚ್‌ಎಸ್‌ಆರ್‌ಪಿಗೆ ಸ್ನ್ಯಾಪ್ ಲಾಕ್ ಇರುತ್ತದೆ. ಒಮ್ಮೆ ಹಾಕಿದರೆ ಮುರಿದೇ ತೆಗೆಯಬೇಕು, ಮತ್ತೆ ಹಾಕಲು ಬರುವುದಿಲ್ಲ. ಭದ್ರವಾದ ವ್ಯವಸ್ಥೆಯೇ. ನಾನು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಬಂಪರಿನಲ್ಲಿ ಬರೀ ಎರಡು ತೂತು. ಒಡೆದ ಲಾಕಿನ ಒಂದು ಚೂರೂ ಇಲ್ಲ. ನೀಟಾಗಿ ಬಿಚ್ಚಿದ್ದಾರೆ.

ವಿಷಯ ಏನೆಂದರೆ ಗೌಡರ ಕಾರಿನಲ್ಲಿ ಬೋರ್ಡಿನ ಹಿಂದೆ ಕಪ್ಪು ಪ್ಲಾಸ್ಟಿಕ್ ಫ್ರೇಮ್ ಇತ್ತು. ಸ್ನ್ಯಾಪ್ ಲಾಕ್ ಹಾಕಿದವನು ಬೋರ್ಡನ್ನು ಫ್ರೇಮಿಗೆ ಬಿಗಿದಿದ್ದ. ಫ್ರೇಮನ್ನು ಬಂಪರಿಗೆ ಹಿಡಿದಿದ್ದು ಮಾಮೂಲಿ ಸ್ಟಾರ್ ಸ್ಕ್ರೂ. ಗೋದ್ರೇಜ್ ಬೀಗವನ್ನು ತಟ್ಟಿ ಬಾಗಿಲಿಗೆ ಹಾಕಿದ ಹಾಗೆ. ಮಾಮೂಲಿ ಸ್ಕ್ರೂಡ್ರೈವರಿನಲ್ಲಿ ಫ್ರೇಮ್ ಸಮೇತ ಬೋರ್ಡ್ ಕೈಗೆ ಬರುತ್ತದೆ. ನಿಮ್ಮ ಕಾರಿಗೂ ಫ್ರೇಮ್ ಇದ್ದರೆ ಇವತ್ತೇ ಬಗ್ಗಿ ನೋಡಿ. ಲಾಕು ಬೋರ್ಡ್, ಫ್ರೇಮ್ ಎರಡನ್ನೂ ದಾಟಿ ಬಂಪರಿನ ಒಳಗೆ ಹೋಗಿದೆಯೋ, ಫ್ರೇಮಿನಲ್ಲೇ ನಿಂತಿದೆಯೋ? ಫ್ರೇಮಿನಲ್ಲೇ ನಿಂತಿದ್ದರೆ ಫ್ರೇಮಿನ ಸ್ಕ್ರೂ ಬದಲಾಯಿಸಬೇಕು. ಒಂದೇ ಕಡೆ ತಿರುಗುವ ಸ್ಕ್ರೂ ಸಿಗುತ್ತವೆ, ಬಿಗಿ ಮಾಡಬಹುದು, ಬಿಚ್ಚಲು ಹೋದರೆ ಜಾರುತ್ತದೆ. ಅದು ಸಿಗದಿದ್ದರೆ ಪಾಪ್ ರಿವೆಟ್ ಹೊಡೆಸಿ. ನನಗೆ ರಿವೆಟ್ಟೇ ಇಷ್ಟ, ಅಗ್ಗ ಮತ್ತು ಯಾವ ಗ್ಯಾರೇಜಿನಲ್ಲೂ ಹೊಡೆಯುತ್ತಾರೆ. ಬೋರ್ಡಿಗೆ ಮಾತ್ರ ಹೊಸ ತೂತು ಕೊರೆಸಬೇಡಿ, ಅಕ್ಷರಕ್ಕೋ ಹೋಲೋಗ್ರಾಂಗೋ ತಾಗಿದರೆ ದಂಡ ಕಟ್ಟುವ ಪಾಳಿ ನಿಮ್ಮದು. ಭದ್ರತೆಗೆ ಅಂತ ಮೇಲೆ ಅಕ್ರಿಲಿಕ್ ಮುಚ್ಚಳ ಹಾಕಿಸುವುದೂ ಬೇಡ. ಬೋರ್ಡ್ ಮಸುಕಾಗಿ ಕಂಡರೆ ಪೊಲೀಸರು ನಿಮ್ಮನ್ನೇ ಅನುಮಾನಿಸುತ್ತಾರೆ.

ನಮ್ಮ ಕಡೆ ಕಳ್ಳನಿಗಿಂತ ದೊಡ್ಡ ಕಳ್ಳ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಸುರಿಯುತ್ತದೆ. ಕಬ್ಬಿಣದ ಸ್ಕ್ರೂ ಎರಡು ಮಳೆಗಾಲ ಕಂಡರೆ ತುಕ್ಕು ಹಿಡಿದು ತಲೆಯೇ ಉದುರುತ್ತದೆ. ಮಣ್ಣಿನ ರಸ್ತೆಯಲ್ಲಿ ಅಲುಗಾಡಿ ಅಲುಗಾಡಿ ಬಂಪರಿನ ತೂತು ಅಗಲವಾಗುತ್ತದೆ. ಆಮೇಲೆ ಹಳ್ಳ ಏರಿ ರಸ್ತೆ ಮೇಲೆ ಹರಿಯುವಾಗ ಒಂದು ಜೋರು ಬಿಟ್ಟರೆ ಮುಗಿಯಿತು, ನೀರಿನ ಹೊಡೆತಕ್ಕೆ ಮುಂದಿನ ಬೋರ್ಡ್ ಕಿತ್ತು ಬರುತ್ತದೆ. ದಾಟಿದವನಿಗೆ ಗೊತ್ತೂ ಆಗುವುದಿಲ್ಲ. ನೀರಿಳಿದ ಮೇಲೆ ಬೇಲಿಗೆ ಸಿಕ್ಕಿಕೊಂಡ ಬೋರ್ಡುಗಳನ್ನು ನಾನೇ ನೋಡಿದ್ದೇನೆ. ಅದು ಯಾರ ಕೈಗೆ ಸಿಕ್ಕಿತು ಅನ್ನುವುದರ ಮೇಲೆ ಮುಂದಿನ ಕಥೆ. ಹಾಗಾಗಿ ಸ್ಟೀಲ್ ಸ್ಕ್ರೂ, ಹಿಂದೆ ಅಗಲವಾದ ವಾಷರ್, ನಡುವೆ ರಬ್ಬರ್. ರಬ್ಬರ್ ಯಾಕೆಂದರೆ ಅಲ್ಯೂಮಿನಿಯಂ ತಗಡಿಗೆ ಸ್ಟೀಲ್ ನೇರ ತಾಗಿ ನೀರು ನಿಂತರೆ ಅಲ್ಲಿ ಬಿಳಿ ಪುಡಿ ಎದ್ದು ತಗಡು ಸವೆಯುತ್ತದೆ. ಹಳ್ಳ ದಾಟಿದ ಮೇಲೆ ಒಮ್ಮೆ ಇಳಿದು ಮೂತಿ ನೋಡಿ.

ಇಷ್ಟೆಲ್ಲ ಮಾಡಿದರೂ ಉಳಿಯುವುದು ತಗಡು ಮಾತ್ರ. ನಂಬರ್ ಬಳಸಬೇಕಾದವನಿಗೆ ನಿಮ್ಮ ತಗಡೇ ಬೇಕು ಅಂತೇನೂ ಇಲ್ಲ. ನೋಡಿ ನೆನಪಿಟ್ಟುಕೊಂಡರೆ ಸಾಕು, ಆರ್‌ಸಿ ಕೇಳದ ಅಂಗಡಿ ಎಲ್ಲೋ ಒಂದು ಇದ್ದೇ ಇರುತ್ತದೆ. ಫ್ಯಾನ್ಸಿ ನಂಬರ್ ಅಂದರೆ ಒಮ್ಮೆ ನೋಡಿದರೆ ಮರೆಯದ ನಂಬರು, ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು! ಹೊಸ ಕಾರು ಬಂದ ದಿನ ನಿಂಬೆಹಣ್ಣು, ಹಾರ, ನಂಬರ್ ಎಲ್ಲ ಕಾಣುವ ಹಾಗೆ ಸ್ಟೇಟಸ್ ಹಾಕುತ್ತೇವೆ. ಮಾರುವಾಗ ಮಾಡೆಲ್, ಬಣ್ಣ, ನಂಬರ್ ಸಮೇತ ಜಾಹೀರಾತು ಹಾಕುತ್ತೇವೆ. ನಕಲು ಮಾಡುವವನಿಗೆ ಬೇಕಾದ ಮೂರೂ ಒಂದೇ ಫೋಟೋದಲ್ಲಿ. ಬೆರಳಿನಲ್ಲಿ ನಂಬರಿನ ಮೇಲೆ ಒಂದು ಗೆರೆ ಎಳೆದು ಹಾಕಲು ಏನು ಕಷ್ಟ? ಫ್ಯಾನ್ಸಿ ನಂಬರಿಗೆ ಒಂದು ಲಾಭವೂ ಇದೆ ಅನ್ನಿ. ಊರಿನಲ್ಲಿ ಗೌಡರ ನಂಬರ್ ಎಲ್ಲರಿಗೂ ಗೊತ್ತು. ಬೇರೆ ಯಾರೋ ಆ ಬೋರ್ಡಿನಲ್ಲಿ ತೀರ್ಥಹಳ್ಳಿ ಪೇಟೆ ದಾಟಿದರೆ ಸಂಜೆಯೊಳಗೆ ಗೌಡರಿಗೆ ಫೋನ್ ಬರುತ್ತದೆ. ಬೆಂಗಳೂರಿನಲ್ಲಿ ಓಡಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಅದಕ್ಕೆ ವಾರಕ್ಕೊಮ್ಮೆ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಿಮ್ಮ ನಂಬರ್ ಮೇಲೆ ಚಲನ್ ಇದೆಯೋ ನೋಡುತ್ತಿರಿ. ಆರ್‌ಸಿಯಲ್ಲಿ ಈಗಿನ ಮೊಬೈಲ್ ನಂಬರ್ ಇದೆಯೋ ಖಾತ್ರಿ ಮಾಡಿಕೊಳ್ಳಿ. ನಿಮ್ಮದಲ್ಲದ ಚಲನ್ ಬಂದರೆ ಹೋಗಲಿ ಎಂದು ಕಟ್ಟಿಬಿಡಬೇಡಿ. ಕಟ್ಟಿದರೆ ಆ ಹೊತ್ತಿಗೆ ಅಲ್ಲಿದ್ದದ್ದು ನಾನೇ ಎಂದು ಒಪ್ಪಿಕೊಂಡ ಹಾಗಾಯಿತು. ಚಲನ್ ಜೊತೆಗಿನ ಫೋಟೋ ದೊಡ್ಡದು ಮಾಡಿ ನೋಡಿ. ಡೆಂಟು, ಕ್ಯಾರಿಯರ್, ಹಿಂದಿನ ಗಾಜಿನ ಸ್ಟಿಕ್ಕರ್, ಯಾವುದಾದರೂ ಒಂದು ನಿಮ್ಮ ಕಾರಿಗೆ ತಾಳೆಯಾಗುವುದಿಲ್ಲ. ಅದನ್ನೇ ಗುರುತು ಮಾಡಿ ಟ್ರಾಫಿಕ್ ಠಾಣೆಗೆ ಅರ್ಜಿ ಕೊಡಿ.

ಗೌಡರು ಗೊಣಗುತ್ತಲೇ ಠಾಣೆಗೆ ಹೋದರು. ದೂರಿನ ಪ್ರತಿ ಇಟ್ಟು ಆನ್‌ಲೈನಿನಲ್ಲಿ ಮುಂದಿನ ಬೋರ್ಡ್ ಒಂದಕ್ಕೇ ಬುಕ್ ಮಾಡಿಸಿದರು. ಅದು ಬರುವ ತನಕ ಹಣದ ರಸೀದಿ, ದೂರಿನ ಪ್ರತಿ ಎರಡನ್ನೂ ಕಾರಿನಲ್ಲೇ ಇಟ್ಟುಕೊಂಡು ಓಡಾಡಿದರು. ಹೊಸ ಬೋರ್ಡಿಗೆ ಹೊಸ ಲೇಸರ್ ನಂಬರು. ಈ ಸಲ ಫ್ರೇಮ್ ಬೇಡವೆಂದು ನೇರ ಬಂಪರಿಗೇ ಲಾಕ್ ಹಾಕಿಸಿದ್ದಾರೆ. ಹಿಂದಿನದರ ಫ್ರೇಮಿಗೆ ನಾನೇ ರಿವೆಟ್ ಹೊಡೆದುಕೊಟ್ಟೆ. ಹೋದ ಬೋರ್ಡ್ ಸಿಕ್ಕಿಲ್ಲ. ಚಲನ್ ಕೂಡ ಇಲ್ಲಿಯವರೆಗೆ ಬಂದಿಲ್ಲ. ಅವರ ಮಗಳು ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಿದ್ದಾಳೆ, ಅಡಿಕೆ ರೇಟು ನೋಡಿದ ಮೇಲೆ ಅದನ್ನೂ ಒಮ್ಮೆ ನೋಡುತ್ತಾರಂತೆ.