ಕರೆಂಟ್ ಬಿಲ್ ಪ್ರೋಗ್ರಾಂಗೆ 350 ಕೊಟ್ಟು ನೋಡಿ, ಆಮೇಲೆ 351

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತವರಿಗೆ ಕರೆಂಟ್ ಬಿಲ್ ಪ್ರೋಗ್ರಾಂ ಗೊತ್ತೇ ಇರುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಬ್ ಪಟ್ಟಿಯಲ್ಲಿ ಬಂದಿರುವ ಲೆಕ್ಕ ಅದು. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗೆ 90 ಪೈಸೆ, 300 ದಾಟಿದ ಮೇಲೆ ಯೂನಿಟ್‌ಗೆ 1 ರೂಪಾಯಿ. ಎಲ್ಲರಿಗೂ ಮೀಟರ್ ಚಾರ್ಜ್ 100 ರೂಪಾಯಿ. ಒಟ್ಟು ಮೊತ್ತ 400 ರೂಪಾಯಿ ಮೀರಿದರೆ ಅದರ ಮೇಲೆ ಶೇ. 15 ಸರ್‌ಚಾರ್ಜ್. ಇಪ್ಪತ್ತು ಸಾಲಿನಲ್ಲಿ ಮುಗಿಯುವ ಪ್ರೋಗ್ರಾಂ.

ರೆಕಾರ್ಡ್ ಪುಸ್ತಕದಲ್ಲಿ ಇದರ ಕೆಳಗೆ ಸಾಮಾನ್ಯವಾಗಿ ಒಂದೇ ಔಟ್‌ಪುಟ್ ಇರುತ್ತದೆ. ಯಾರೋ 150 ಯೂನಿಟ್ ಕೊಟ್ಟಿರುತ್ತಾರೆ, 220 ರೂಪಾಯಿ ಬಂದಿರುತ್ತದೆ, ಸಹಿ ಬಿದ್ದಿರುತ್ತದೆ. ಆದರೆ 150 ಕೊಟ್ಟಾಗ ಓಡುವುದು ಮೊದಲನೇ ಇಫ್ (ಷರತ್ತು) ಮಾತ್ರ. ಉಳಿದ ಎರಡು ಸ್ಲ್ಯಾಬ್, ಸರ್‌ಚಾರ್ಜ್ ಯಾವುದೂ ಒಮ್ಮೆಯೂ ಓಡಿಲ್ಲ. ಪ್ರೋಗ್ರಾಂನ ಮುಕ್ಕಾಲು ಭಾಗ ಸರಿಯೋ ತಪ್ಪೋ ಯಾರೂ ನೋಡಿಲ್ಲ. ಬಾಯಿಪಾಠ ಮಾಡಿದವರು ಅಷ್ಟನ್ನೂ ಹಾಗೆಯೇ ತಲೆಗೆ ತುಂಬಿಕೊಂಡಿರುತ್ತಾರೆ. ನಮ್ಮ ಲ್ಯಾಬ್ ಕಲಿಕೆಯ ದೊಡ್ಡ ಕೊರತೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತೇವೆ, ಅದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದನ್ನು ಕಲಿಸುವುದಿಲ್ಲ.

ಇದಕ್ಕೆ ಏಳು ಸಂಖ್ಯೆ ಸಾಕು: 0, 200, 201, 300, 301, 350, 351. ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಿ. 0 ಯೂನಿಟ್‌ಗೂ ಮೀಟರ್ ಚಾರ್ಜ್ 100 ಬರಬೇಕು. 200ಕ್ಕೆ 260, 201ಕ್ಕೆ 260.90, 300ಕ್ಕೆ 350, 301ಕ್ಕೆ 351 ರೂಪಾಯಿ. 350 ಯೂನಿಟ್‌ಗೆ ಸರಿಯಾಗಿ 400. ಪ್ರಶ್ನೆಯಲ್ಲಿರುವುದು 'ಮೀರಿದರೆ' ಎಂದು, ಆದ್ದರಿಂದ ಸರ್‌ಚಾರ್ಜ್ ಇಲ್ಲ. 351ಕ್ಕೆ ಮೊತ್ತ 401, ಸರ್‌ಚಾರ್ಜ್ 60.15 ಸೇರಿ 461.15. ಒಂದೇ ಯೂನಿಟ್‌ಗೆ 61 ರೂಪಾಯಿ 15 ಪೈಸೆ ಏರಿತು. 'ಹೆಚ್ಚು' ಎಂಬ ಚಿಹ್ನೆಯ ಜಾಗದಲ್ಲಿ 'ಹೆಚ್ಚು ಅಥವಾ ಸಮ' ಹಾಕಿದ್ದರೆ 350ರಲ್ಲೇ 460 ತೋರಿಸಿ ಸಿಕ್ಕಿಬೀಳುತ್ತದೆ. 150 ಕೊಟ್ಟಿದ್ದರೆ ಈ ತಪ್ಪು ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಇದೇ ಪ್ರೋಗ್ರಾಂನಲ್ಲಿ ಇನ್ನೆರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಸರ್‌ಚಾರ್ಜ್ ಲೆಕ್ಕಕ್ಕೆ 15 ಭಾಗಿಸು 100 ಎಂಬುದನ್ನು ಆವರಣದೊಳಗೆ ಹಾಕಿ ಮೊತ್ತಕ್ಕೆ ಗುಣಿಸುತ್ತಾರೆ. ಗಣಿತದಲ್ಲಿ ಅದು ಸರಿ. ಸಿ ಭಾಷೆಯಲ್ಲಿ ಎರಡೂ ಪೂರ್ಣಾಂಕಗಳಾದರೆ ಭಾಗಲಬ್ಧವೂ ಪೂರ್ಣಾಂಕವೇ, 15 ಭಾಗಿಸು 100 ಅಂದರೆ 0. ಸರ್‌ಚಾರ್ಜ್ ಸದ್ದಿಲ್ಲದೆ ಮಾಯ, 351ಕ್ಕೆ ಬರೀ 401 ಬರುತ್ತದೆ. 15.0 ಎಂದು ಬರೆದರೆ, ಅಥವಾ ಮೊತ್ತವನ್ನು ಫ್ಲೋಟ್‌ನಲ್ಲಿಟ್ಟು ಮೊದಲು 15ರಿಂದ ಗುಣಿಸಿ ಆಮೇಲೆ 100ರಿಂದ ಭಾಗಿಸಿದರೆ ಸರಿಹೋಗುತ್ತದೆ.

ಎರಡನೆಯದು ಇನ್ನೂ ಮೋಸದ್ದು. 200ಕ್ಕಿಂತ ಹೆಚ್ಚು, 300ಕ್ಕಿಂತ ಕಡಿಮೆ ಎಂಬುದನ್ನು ಗಣಿತದ ಪುಸ್ತಕದಲ್ಲಿರುವ ಹಾಗೆ ಯೂನಿಟ್ ಅನ್ನು ನಡುವೆ ಇಟ್ಟು ಒಂದೇ ಗೆರೆಯಲ್ಲಿ ಬರೆಯುವುದು. ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ಸಾಧನ) ಮೊದಲು ಎಡಗಡೆಯ ಹೋಲಿಕೆ ಮಾಡುತ್ತದೆ, ಉತ್ತರ 0 ಅಥವಾ 1. ಆಮೇಲೆ ಆ 0 ಅಥವಾ 1 ಅನ್ನು 300ರ ಜೊತೆ ಹೋಲಿಸುತ್ತದೆ. ಅದು ಯಾವಾಗಲೂ ನಿಜ. ಹಾಗಾಗಿ 351 ಯೂನಿಟ್ ಕೂಡ 90 ಪೈಸೆಯ ಸ್ಲ್ಯಾಬ್‌ಗೇ ಹೋಗಿ 395.90 ತೋರಿಸುತ್ತದೆ. 400 ದಾಟಲಿಲ್ಲವಾದ್ದರಿಂದ ಸರ್‌ಚಾರ್ಜ್ ಕೂಡ ಇಲ್ಲ. ನೋಡಲು ನಂಬುವ ಹಾಗಿರುವ ಉತ್ತರ, ಪೂರ್ತಿ ತಪ್ಪು.

ಈ ಎರಡನೇ ತಪ್ಪನ್ನು ಕಂಪೈಲರ್ ತಾನೇ ಹೇಳುತ್ತದೆ, ನಾವು ಕೇಳಿದರೆ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ಕೊಡುವ ಆಜ್ಞೆಯಲ್ಲಿ ಮೈನಸ್ ಚಿಹ್ನೆ, ದೊಡ್ಡಕ್ಷರದ ಡಬ್ಲ್ಯೂ, ಅದಕ್ಕೆ ಅಂಟಿಕೊಂಡಂತೆ ಸಣ್ಣಕ್ಷರದಲ್ಲಿ 'ಆಲ್' ಸೇರಿಸಬೇಕು. ಅದೇ ರೀತಿ ಡಬ್ಲ್ಯೂ-ಎಕ್ಸ್‌ಟ್ರಾ ಒಂದು, ತಪ್ಪು ಹುಡುಕುವಾಗ ಸಾಲಿನ ಸಂಖ್ಯೆ ಸಿಗಲು ಸಣ್ಣಕ್ಷರದ ಜಿ ಒಂದು. ಡಬ್ಲ್ಯೂ-ಆಲ್ ಇದ್ದರೆ ಇಂಥ ಹೋಲಿಕೆಗೆ ಗಣಿತದ ಅರ್ಥ ಇಲ್ಲ ಎಂಬ ಎಚ್ಚರಿಕೆ ಬರುತ್ತದೆ. ಇಫ್ ಒಳಗೆ ಎರಡು ಸಮಚಿಹ್ನೆಯ ಬದಲು ಒಂದೇ ಹಾಕಿದ್ದರೂ, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ಆ್ಯಂಪರ್‌ಸ್ಯಾಂಡ್ ಮರೆತಿದ್ದರೂ ಹೇಳುತ್ತದೆ. ಇಫ್ ಸಾಲಿನ ಕೊನೆಗೆ ಕೈತಪ್ಪಿ ಸೆಮಿಕೋಲನ್ ಬಿದ್ದಿದ್ದರೆ ಡಬ್ಲ್ಯೂ-ಎಕ್ಸ್‌ಟ್ರಾ ಹಿಡಿಯುತ್ತದೆ. ವಾರ್ನಿಂಗ್ ಬಂದರೂ ಪ್ರೋಗ್ರಾಂ ಓಡುತ್ತದಲ್ಲ ಎಂದು ಬಿಟ್ಟುಬಿಡುವುದು ರೂಢಿ. ಮೊದಲ ವರ್ಷದ ಪ್ರೋಗ್ರಾಂಗಳ ಮಟ್ಟಿಗೆ ಪ್ರತಿ ವಾರ್ನಿಂಗ್ ಅನ್ನೂ ತಪ್ಪು ಎಂದೇ ಲೆಕ್ಕಕ್ಕೆ ಹಿಡಿಯಿರಿ. ಆದರೆ 15 ಭಾಗಿಸು 100ರ ತಪ್ಪಿಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಅದನ್ನು ಹಿಡಿಯಲು 351 ಬೇಕೇ ಬೇಕು.

ಸಾಧನ ಇಟ್ಟುಕೊಳ್ಳುವುದು ಕಷ್ಟವಲ್ಲ. ಉಬುಂಟು ಲಿನಕ್ಸ್‌ನಲ್ಲಿ ಆಪ್ಟ್ ಮೂಲಕ ಬಿಲ್ಡ್-ಎಸೆನ್ಷಿಯಲ್ ಮತ್ತು ಜಿಡಿಬಿ (ತಪ್ಪು ಹುಡುಕಲು ನೆರವಾಗುವ ಡೀಬಗ್ಗರ್) ಎಂಬ ಎರಡು ಪ್ಯಾಕೇಜ್ ಹಾಕಿಕೊಂಡರೆ ಮುಗಿಯಿತು. ವಿಂಡೋಸ್ 11ರಲ್ಲಿ ಡಬ್ಲ್ಯೂಎಸ್ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡರೆ ಅದರೊಳಗೇ ಉಬುಂಟು ಸಿಗುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನ್‌ನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿ ಅದರಲ್ಲಿ ಕ್ಲ್ಯಾಂಗ್ ಕಂಪೈಲರ್ ಇಳಿಸಿಕೊಳ್ಳಬಹುದು. ಡೌನ್‌ಲೋಡ್ ದೊಡ್ಡದು, ವೈಫೈ ಇರುವ ಕಡೆ ಮಾಡಿ. ಡಬ್ಲ್ಯೂ-ಆಲ್ ಅಲ್ಲಿಯೂ ನಡೆಯುತ್ತದೆ. ಮೊದಲ ವರ್ಷದ ಲ್ಯಾಬ್‌ಗೆ ಹೊಸ ಲ್ಯಾಪ್‌ಟಾಪ್ ಕೊಡಿಸಲೇಬೇಕು ಎಂದು ಸಾಲ ಮಾಡುವ ಅಪ್ಪ ಅಮ್ಮಂದಿರು ಇದನ್ನು ತಿಳಿದಿರಲಿ. ಹಳೆಯ ಯಂತ್ರದಲ್ಲೂ ಈ ಪ್ರೋಗ್ರಾಂಗಳು ಕ್ಷಣದಲ್ಲಿ ಕಂಪೈಲ್ ಆಗುತ್ತವೆ.

ಟರ್ಬೊ ಸಿ ಎಂಬ ಹಳೆಯ ಕಂಪೈಲರ್ ಬಗ್ಗೆ ಒಂದು ಮಾತು ಹೇಳಲೇಬೇಕು. ನೀಲಿ ಪರದೆಯ ಆ ಸಾಫ್ಟ್‌ವೇರ್ 1990ರ ಆಸುಪಾಸಿನ ಡಾಸ್ ಕಾಲದ್ದು. ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಡಾಸ್‌ಬಾಕ್ಸ್ ಎಂಬ ಇನ್ನೊಂದು ಪ್ರೋಗ್ರಾಂನ ಹೊಟ್ಟೆಯೊಳಗೆ ಮಾತ್ರ ಓಡುತ್ತದೆ. ಅದರಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಅಂದರೆ 2 ಬೈಟ್, ಗರಿಷ್ಠ 32,767. ಫ್ಯಾಕ್ಟೋರಿಯಲ್ ಪ್ರೋಗ್ರಾಂಗೆ 7 ಕೊಟ್ಟರೆ 5,040 ಸರಿಯಾಗಿ ಬರುತ್ತದೆ. 8 ಕೊಟ್ಟರೆ 40,320ರ ಬದಲು ಮೈನಸ್ 25,216 ಬರುತ್ತದೆ. ಜಿಸಿಸಿಯಲ್ಲಿ ಇಂಟ್ 4 ಬೈಟ್, 12ರ ತನಕ ಸರಿ. 13ಕ್ಕೆ 622 ಕೋಟಿ ಚಿಲ್ಲರೆ ಬರಬೇಕಾದ ಕಡೆ ಸಾಮಾನ್ಯವಾಗಿ 1,93,20,53,504 ಕಾಣುತ್ತದೆ. ಋಣ ಚಿಹ್ನೆಯೂ ಇಲ್ಲದ್ದರಿಂದ ಸರಿಯೆಂದೇ ನಂಬುತ್ತೇವೆ. ಲಾಂಗ್ ಲಾಂಗ್ ಬಳಸಿದರೆ 20ರವರೆಗೆ ಹೋಗಬಹುದು. ಪಠ್ಯದಲ್ಲಿ ಇಂಟ್ ಎಂದರೆ 2 ಬೈಟ್ ಎಂದು ಓದಿ, ಯಂತ್ರದಲ್ಲಿ 4 ಕಂಡು ಗಲಿಬಿಲಿಯಾಗುವವರಿಗೆ ಕಾರಣ ಇದು: ಗಾತ್ರ ಭಾಷೆಯದ್ದಲ್ಲ, ಕಂಪೈಲರ್‌ನದ್ದು. ಸೈಜ್‌ಆಫ್ ಹಾಕಿ ನೋಡಿಕೊಳ್ಳಿ.

ಟರ್ಬೊ ಸಿಯಲ್ಲಿ ಬಾಯಿಪಾಠವಾದ ಕೋನಿಯೊ ಹೆಡರ್, ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್, ವಾಯ್ಡ್ ಮೇನ್ ಇವುಗಳನ್ನು ಕೈಬಿಡಬೇಕು. ಮೊದಲ ಮೂರು ಸಿ ಭಾಷೆಯ ಪ್ರಮಾಣಿತ ಭಾಗವೇ ಅಲ್ಲ, ಲಿನಕ್ಸ್‌ನಲ್ಲಿ ಸಿಗುವುದಿಲ್ಲ. ಮೇನ್ ಇಂಟ್ ಹಿಂದಿರುಗಿಸಬೇಕು. ಗೆಟ್ಸ್ ಎಂಬ ಫಂಕ್ಷನ್ ಅನ್ನು 2011ರ ಪ್ರಮಾಣದಲ್ಲಿ ತೆಗೆದೇಹಾಕಿದ್ದಾರೆ, ಬದಲಿಗೆ ಎಫ್‌ಗೆಟ್ಸ್. ಅದು ಸಾಲಿನ ಕೊನೆಯ ಎಂಟರ್ ಅನ್ನೂ ಸ್ಟ್ರಿಂಗ್‌ನೊಳಗೆ ಉಳಿಸಿಕೊಳ್ಳುತ್ತದೆ ಎಂಬುದನ್ನು ಮರೆತರೆ ಸ್ಟ್ರಿಂಗ್ ಹೋಲಿಕೆ ಕೈಕೊಡುತ್ತದೆ.

ವರ್ಗ ಸಮೀಕರಣದ ಮೂಲ ಹುಡುಕುವ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಕಂಪೈಲ್ ಮಾಡುವಾಗ ಸ್ಕ್ವೇರ್ ರೂಟ್ ಫಂಕ್ಷನ್‌ಗೆ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂದು ಬಂದರೆ ಪ್ರೋಗ್ರಾಂ ಸಾಲುಗಳಲ್ಲಿ ತಪ್ಪು ಹುಡುಕಬೇಡಿ. ಅದು ಪ್ರೋಗ್ರಾಂಗೆ ಲೈಬ್ರರಿ ಜೋಡಿಸುವ ಲಿಂಕರ್‌ನ ದೂರು. ಗಣಿತದ ಲೈಬ್ರರಿ ಸೇರಿಸಲು ಆಜ್ಞೆಯ ಕೊನೆಯಲ್ಲಿ, ಫೈಲ್ ಹೆಸರಿನ ನಂತರ, ಮೈನಸ್ ಎಲ್ ಎಂ ಹಾಕಬೇಕು. ಇಂಥ ಸಂದೇಶಗಳನ್ನು ಓದುವುದು ಕನ್ನಡ ಮಾಧ್ಯಮದಿಂದ ಬಂದವರಿಗೆ ಭಯ ಹುಟ್ಟಿಸುತ್ತದೆ ಎಂಬುದು ನಿಜ. ಆದರೆ ಅಲ್ಲಿ ಬರುವ ಪದಗಳು ಬಹಳ ಇಲ್ಲ. ಎಕ್ಸ್‌ಪೆಕ್ಟೆಡ್ ಅಂದರೆ ಇಲ್ಲಿ ಇದು ಇರಬೇಕಿತ್ತು. ಅನ್‌ಡಿಕ್ಲೇರ್ಡ್ ಅಂದರೆ ಈ ಹೆಸರು ನನಗೆ ಗೊತ್ತಿಲ್ಲ, ಸ್ಪೆಲ್ಲಿಂಗ್ ನೋಡು. ಅನ್‌ಡಿಫೈನ್ಡ್ ರೆಫರೆನ್ಸ್ ಅಂದರೆ ಫಂಕ್ಷನ್ ಕರೆದಿದ್ದೀಯ, ಅದರ ಒಡಲು ಸಿಗುತ್ತಿಲ್ಲ. ಹತ್ತು ಎರರ್ ಬಂದಿದ್ದರೆ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಕಂಪೈಲ್ ಮಾಡಿ, ಎಷ್ಟೋ ಸಲ ಉಳಿದವು ತಾವಾಗಿಯೇ ಹೋಗುತ್ತವೆ. ತೋರಿಸಿದ ಸಾಲಿನಲ್ಲಿ ಏನೂ ಕಾಣದಿದ್ದರೆ ಅದರ ಮೇಲಿನ ಸಾಲು ನೋಡಿ. ಇಷ್ಟನ್ನು ಲ್ಯಾಬ್‌ನ ಮೊದಲ ದಿನ ಕನ್ನಡದಲ್ಲಿ ಹೇಳಿಕೊಟ್ಟರೆ ಎಷ್ಟೋ ಮಕ್ಕಳ ಕೈನಡುಕ ನಿಲ್ಲುತ್ತದೆ.

ಕ್ಯಾಲ್ಕ್ಯುಲೇಟರ್ ಪ್ರೋಗ್ರಾಂನಲ್ಲಿ ಸಂಖ್ಯೆ ಕೊಟ್ಟು ಎಂಟರ್ ಒತ್ತಿದ ಕೂಡಲೇ, ಪ್ಲಸ್ ಮೈನಸ್ ಕೇಳದೆ ಮುಂದಕ್ಕೆ ಓಡಿಹೋಗುವುದು ಇನ್ನೊಂದು ಹಳೆಯ ಕಾಟ. ಸ್ಕ್ಯಾನ್‌ಎಫ್‌ನ ಪರ್ಸೆಂಟ್ ಡಿ ಸಂಖ್ಯೆಯನ್ನಷ್ಟೇ ಎತ್ತಿಕೊಳ್ಳುತ್ತದೆ, ಎಂಟರ್ ಅಲ್ಲೇ ಉಳಿಯುತ್ತದೆ. ಮುಂದಿನ ಪರ್ಸೆಂಟ್ ಸಿ ಆ ಎಂಟರ್ ಅನ್ನೇ ಅಕ್ಷರವೆಂದು ಓದುತ್ತದೆ. ಪರ್ಸೆಂಟ್ ಸಿ ಹಿಂದೆ ಒಂದು ಖಾಲಿ ಜಾಗ ಬಿಟ್ಟರೆ ಸಾಕು. ಎಫ್‌ಫ್ಲಶ್ ಹಾಕಿ ಇನ್‌ಪುಟ್ ಖಾಲಿ ಮಾಡುವ ಉಪಾಯ ಪ್ರಮಾಣಿತ ಸಿ ಅಲ್ಲ, ಕೆಲವು ಕಡೆ ನಡೆಯುತ್ತದೆ, ಲಿನಕ್ಸ್‌ನಲ್ಲಿ ನೆಚ್ಚುವಂತಿಲ್ಲ.

ಈಗ ನನಗೆ ತುಂಬ ಇಷ್ಟವಾದ ಪರೀಕ್ಷೆ. ಸ್ಟ್ರಕ್ಚರ್ ಪ್ರೋಗ್ರಾಂನಲ್ಲಿ ವಿದ್ಯಾರ್ಥಿಯ ಊರಿಗೆ 20 ಬೈಟ್ ಹಿಡಿಯುವ ಕ್ಯಾರ್ ಅರೇ (ಅಕ್ಷರಗಳ ಸಾಲು), ಅದರ ಮುಂದೆ ಅಂಕಗಳಿಗೆ ಒಂದು ಇಂಟ್ ಇಟ್ಟಿದ್ದೀರಿ ಅನ್ನಿ. ಇಂಗ್ಲಿಷ್‌ನಲ್ಲಿ ಬೆಂಗಳೂರು ಎಂದು ಬರೆದರೆ 9 ಬೈಟ್. ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ಕಣ್ಣಿಗೆ ನಾಲ್ಕೇ ಅಕ್ಷರ: ಬೆಂ, ಗ, ಳೂ, ರು. ಯೂನಿಕೋಡ್‌ನಲ್ಲಿ ಬ, ಎತ್ವ, ಅನುಸ್ವಾರ, ಗ, ಳ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ ಎಂದು 8 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 24. ಕೊನೆಯ ಶೂನ್ಯ ಸೇರಿ 25. ಇಪ್ಪತ್ತರ ಡಬ್ಬಿಯಲ್ಲಿ ಹಿಡಿಯುವುದಿಲ್ಲ, ಪಕ್ಕದ ಅಂಕಗಳ ಜಾಗಕ್ಕೆ ಚೆಲ್ಲುತ್ತದೆ. ಆಮೇಲೆ ಅಂಕ 78 ಎಂದು ಕೊಟ್ಟರೆ ಅದು ಚೆಲ್ಲಿದ ಬೈಟ್‌ಗಳ ಮೇಲೆಯೇ ಕೂರುತ್ತದೆ. ಊರಿನ ಹೆಸರು ಮುದ್ರಿಸಿದಾಗ 'ಬೆಂಗಳೂ' ಸರಿಯಾಗಿ ಬಂದು, ಮುಂದೆ ಒಂದು ಮುರಿದ ಚಿಹ್ನೆ, ಅದರ ಪಕ್ಕ ಇಂಗ್ಲಿಷ್‌ನ ಎನ್ ಅಕ್ಷರ ಕಾಣುತ್ತದೆ. ಎನ್‌ನ ಆಸ್ಕಿ ಸಂಖ್ಯೆ 78. ಅಂಕವೇ ಅಕ್ಷರವಾಗಿ ಇಣುಕುತ್ತಿದೆ! ಮೆಮೊರಿ ಅಂದರೆ ಸಾಲಾಗಿ ಜೋಡಿಸಿದ ಬೈಟ್‌ಗಳು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಅರೇಯನ್ನು 100ಕ್ಕೆ ಏರಿಸಿ, ಸ್ಕ್ಯಾನ್‌ಎಫ್‌ನಲ್ಲಿ ಮಿತಿಯನ್ನೂ ಬರೆಯಿರಿ. ಬಿಡಿ ಅರೇಗಳಾಗಿದ್ದರೆ ಜಿಸಿಸಿಯ ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವ ಸೌಲಭ್ಯ) ಎಲ್ಲಿ ಚೆಲ್ಲಿತು ಎಂದು ಸಾಲಿನ ಸಂಖ್ಯೆಯ ಸಮೇತ ತೋರಿಸುತ್ತದೆ. ಒಂದೇ ಸ್ಟ್ರಕ್ಚರ್‌ನೊಳಗೆ ಪಕ್ಕದ ಮನೆಗೆ ಚೆಲ್ಲಿದ್ದನ್ನು ಅದು ಹಿಡಿಯುವುದಿಲ್ಲ, ಗಾತ್ರವನ್ನು ನಾವೇ ಕಾಯಬೇಕು. ಸ್ಟ್ರಿಂಗ್ ತಿರುಗಿಸುವ ಪ್ರೋಗ್ರಾಂಗೂ ಕನ್ನಡ ಕೊಡಿ. ಬೈಟ್ ಬೈಟ್ ತಿರುಗಿಸಿದರೆ ಪರದೆ ತುಂಬ ಕಸ. ಸಂಕೇತದ ಲೆಕ್ಕದಲ್ಲಿ ತಿರುಗಿಸಿದರೂ 'ಮೈಸೂರು' ಸರಿಯಾಗುವುದಿಲ್ಲ, ಕೊನೆಯ ಉಕಾರ ಮೊದಲಿಗೆ ಬಂದು ಅನಾಥವಾಗಿ ನಿಲ್ಲುತ್ತದೆ, ಉಳಿದ ಸ್ವರಚಿಹ್ನೆಗಳು ಪಕ್ಕದ ವ್ಯಂಜನಕ್ಕೆ ಏರಿ 'ರೂಸೈಮ' ಆಗುತ್ತದೆ. ಕಾಗುಣಿತ ಬಲ್ಲ ಮಗುವಿಗೆ ಅಕ್ಷರ ಎಂದರೇನು ಎಂದು ಗೊತ್ತು, ಯಂತ್ರಕ್ಕೆ ನಾವು ಹೇಳಿಕೊಡಬೇಕು.

ಚಾಟ್‌ಬಾಟ್‌ಗಳಿಂದ ಪ್ರೋಗ್ರಾಂ ಬರೆಸಿಕೊಳ್ಳುವುದು ಈಗ ಸಾಮಾನ್ಯ. ಅವುಗಳ ಹತ್ತಿರ ಪೂರ್ತಿ ಪ್ರೋಗ್ರಾಂ ಕೇಳುವ ಬದಲು, ನೀವು ಬರೆದದ್ದನ್ನು ಕೊಟ್ಟು, ಯಾವ ಇನ್‌ಪುಟ್‌ಗೆ ಇದು ತಪ್ಪಬಹುದು ಎಂದು ಕೇಳಿ. ಹೇಳಿದ ಇನ್‌ಪುಟ್‌ಗೆ ಉತ್ತರವನ್ನು ಮೊದಲು ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಓಡಿಸಿ. ಕೈಲೆಕ್ಕ ಬಿಟ್ಟರೆ ಸೀನಿಯರ್‌ಗಳ ರೆಕಾರ್ಡ್ ನಕಲು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಪಾಠ ಮಾಡುವವರಲ್ಲಿ ನನ್ನ ಕೋರಿಕೆ ಒಂದೇ. ರೆಕಾರ್ಡ್‌ನಲ್ಲಿ ಪ್ರೋಗ್ರಾಂ ಕೈಬರಹದಲ್ಲಿ ಮತ್ತೆ ಬರೆಸುವ ಹೊತ್ತನ್ನು ಕೈಲೆಕ್ಕದ ಪುಟಕ್ಕೆ ಕೊಡಿ: ಏಳು ಇನ್‌ಪುಟ್, ಬರಬೇಕಾದ ಉತ್ತರ, ಬಂದ ಉತ್ತರ. ವೈವಾದಲ್ಲಿ ಸಿ ಭಾಷೆ ಕಂಡುಹಿಡಿದವರು ಯಾರು ಎಂದು ಕೇಳುವ ಜಾಗದಲ್ಲಿ ಹೀಗೆ ಕೇಳಬಹುದು: ಮೀಟರ್ ಚಾರ್ಜ್ ಕೂಡಿಸುವ ಮೊದಲೇ 400ರ ಪರೀಕ್ಷೆ ಮಾಡಿಬಿಟ್ಟರೆ ಸರ್‌ಚಾರ್ಜ್ ಎಷ್ಟನೇ ಯೂನಿಟ್‌ನಿಂದ ಶುರುವಾಗುತ್ತದೆ? ಪ್ರೋಗ್ರಾಂ ಅರ್ಥ ಮಾಡಿಕೊಂಡವರು ಕಾಗದದ ಮೂಲೆಯಲ್ಲಿ ಎರಡು ಸಾಲು ಲೆಕ್ಕ ಹಾಕಿ 451 ಎನ್ನುತ್ತಾರೆ.